ಓದಲು ಬರುತ್ತದೆ, ಅರ್ಥವಾಗುವುದಿಲ್ಲ

ಪ್ರಶ್ನೆ: ನಮ್ಮದು ಹಳ್ಳಿಯ ಕನ್ನಡ ಮಾಧ್ಯಮ ಶಾಲೆ. ಆರನೇ ತರಗತಿಯ ಮಕ್ಕಳು ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುತ್ತಾರೆ. ಅರ್ಥ ಕೇಳಿದರೆ ತಲೆ ತಗ್ಗಿಸುತ್ತಾರೆ. ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಬೇಕೆ, ಇಲ್ಲ ಕನ್ನಡವನ್ನೇ ಬಳಸಬಾರದೆ?
– ಒಬ್ಬ ಶಿಕ್ಷಕಿ

ಉತ್ತರ: ಕೇಳಿದ್ದು ಒಳ್ಳೆಯದಾಯಿತು, ಮೇಡಂ. ಈ ಗೊಂದಲ ಅನೇಕ ಶಿಕ್ಷಕರಿಗಿದೆ.

ತೊಡಕು ಎಲ್ಲಿದೆ ಎಂದು ಮೊದಲು ನೋಡಿ. ಮಕ್ಕಳ ಪುಸ್ತಕ ಮುಚ್ಚಿಸಿ, ಒಂದು ಪ್ಯಾರಾವನ್ನು ನೀವೇ ನಿಧಾನವಾಗಿ ಓದಿ ಹೇಳಿ. ಕೇಳಿದಾಗ ಅರ್ಥವಾದರೆ ತೊಡಕು ಅಕ್ಷರದಲ್ಲಿದೆ. ಕೇಳಿದಾಗಲೂ ಆಗದಿದ್ದರೆ ಭಾಷೆಯಲ್ಲಿದೆ. ಅಕ್ಷರ ಬಿಡಿಸುವುದು, ಮಾತು ತಿಳಿಯುವುದು, ಇವೆರಡೂ ಕೂಡಿದರೇ ಓದು ಎಂದು ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು 1986ರಲ್ಲಿ ವಿವರಿಸಿದ್ದರು.

ನಿಮ್ಮ ಮಕ್ಕಳದು ಎರಡನೆಯ ಬಗೆ ಎಂದು ತೋರುತ್ತದೆ. ಸರಾಗವಾಗಿ ಓದಿದರೆ ಅರ್ಥ ತಾನಾಗಿಯೇ ಬರುತ್ತದೆ ಎಂದು ನಾವು ತಿಳಿದಿರುತ್ತೇವೆ. ಕನ್ನಡದಲ್ಲಿ ಅದು ಬಹುಮಟ್ಟಿಗೆ ನಿಜ. ಅಕ್ಷರ ಕಲಿಯುವ ಮೊದಲೇ ಮಗು ಸಾವಿರಾರು ಪದಗಳನ್ನು ಮನೆಯಲ್ಲಿ ಕೇಳಿರುತ್ತದೆ; ಕೂಡಿಸಿ ಓದಿದೊಡನೆ ಗುರುತಿನ ಪದ ಕಿವಿಗೆ ಬೀಳುತ್ತದೆ. (ಮನೆಮಾತು ಲಂಬಾಣಿಯೋ ಉರ್ದುವೋ ಆದರೆ ಕನ್ನಡದಲ್ಲೂ ಕಷ್ಟವೇ.) ಇಂಗ್ಲಿಷ್‌ನಲ್ಲಿ ಓದಿದ ಪದವನ್ನು ಮಗು ಅದಕ್ಕೆ ಮುಂಚೆ ಕೇಳಿಯೇ ಇರುವುದಿಲ್ಲ.

ಸಾಲು ಸಾಲಿಗೂ ಕನ್ನಡ ಹೇಳಿದರೆ ಮಕ್ಕಳು ಪುಸ್ತಕ ಬಿಟ್ಟು ನಿಮ್ಮ ಬಾಯಿ ನೋಡುತ್ತಾರೆ. ಕನ್ನಡವನ್ನೇ ಬಿಟ್ಟರೆ ಬಾಯಿಪಾಠವೇ ಗತಿ. ಓದುವುದಕ್ಕೆ ಮುಂಚೆ ಐದು ನಿಮಿಷ ಪಾಠದ ವಿಷಯವನ್ನು ಕನ್ನಡದಲ್ಲಿ ಮಾತಾಡಿ. ಅದಿಲ್ಲದೆ ಪಾಠ ತಿಳಿಯದು ಎನ್ನುವಂಥ ಐದಾರು ಪದಗಳನ್ನು ಮಾತ್ರ ಆರಿಸಿ, ವಸ್ತು ತೋರಿಸಿ, ಅಭಿನಯಿಸಿ, ಮಕ್ಕಳ ಬಾಯಲ್ಲಿ ಹೇಳಿಸಿ. ಆಮೇಲೆ ಓದು ಇಂಗ್ಲಿಷ್‌ನಲ್ಲೇ ಸಾಗಲಿ, ನಡುವೆ ಕನ್ನಡ ಬೇಡ. ಪ್ರಶ್ನೆ ಇಂಗ್ಲಿಷ್‌ನಲ್ಲಿ ಕೇಳಿ. ಉತ್ತರ ಕನ್ನಡದಲ್ಲಿ ಬಂದರೂ ಒಪ್ಪಿಕೊಂಡು, ಅದನ್ನೇ ಇಂಗ್ಲಿಷ್‌ನಲ್ಲಿ ಹೇಳಿಕೊಡಿ. ಮರುದಿನ ಅದೇ ಪಾಠ ಮತ್ತೊಮ್ಮೆ ಓದಿಸಿ.

ಇಂಗ್ಲಿಷ್ ಪದದ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡ ಅಕ್ಷರ ಬರೆದುಕೊಳ್ಳುವ ರೂಢಿ ಇದ್ದರೆ ಬಿಡಿಸುವುದು ಒಳ್ಳೆಯದು. ಕಣ್ಣು ಕನ್ನಡವನ್ನೇ ಓದುತ್ತದೆ, ಕೆಳಗಿನ ಇಂಗ್ಲಿಷ್ ಹಾಗೇ ಉಳಿಯುತ್ತದೆ.

ಪಠ್ಯಪುಸ್ತಕವೊಂದೇ ಸಾಲದು. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಎಷ್ಟೋ ಮಕ್ಕಳ ಕಥೆಗಳು ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಉಚಿತವಾಗಿ ಸಿಗುತ್ತವೆ, ಓದಿನ ಮಟ್ಟವನ್ನೂ ಗುರುತಿಸಿದ್ದಾರೆ. ಆರನೇ ತರಗತಿಯವರೆಂದು ಸಂಕೋಚಪಡದೆ ಒಂದನೇ ಮಟ್ಟದ ಕಥೆಯಿಂದಲೇ ಶುರುಮಾಡಿ.