ಒಂದು ತಿಂಗಳ ರಾಗಿಯೂ ಒಂದು ಅವಿಭಾಜ್ಯ ಸಂಖ್ಯೆಯೂ

ಹಲಗೂರಿನ ಸುತ್ತಣ ಹೊಲಗಳಲ್ಲಿ ಬೆಳೆಯುವ ರಾಗಿಯ ಒಂದು ಕಾಳನ್ನು ತಿಂಗಳ ಮೊದಲನೆಯ ದಿನ ಒಂದೆಡೆ ಇರಿಸಿ, ಎರಡನೆಯ ದಿನ ಎರಡು, ಮೂರನೆಯ ದಿನ ನಾಲ್ಕು, ಹೀಗೆ ದಿನದಿನಕ್ಕೆ ಇಮ್ಮಡಿಯಾಗಿ ಸೇರಿಸುತ್ತ ಹೋದರೆ, ಮೂವತ್ತೊಂದನೆಯ ದಿನದ ಸಂಜೆಗೆ ರಾಶಿಯಲ್ಲಿರುವ ಕಾಳುಗಳು 2,14,74,83,647. ಸಾವಿರ ಕಾಳಿಗೆ ಎರಡೂವರೆ ಗ್ರಾಂ ಎಂದು ಹಿಡಿದರೆ ಐವತ್ತಮೂರು ಕ್ವಿಂಟಲಿಗೂ ಮಿಕ್ಕ ರಾಗಿ! ಈ ರಾಶಿಯನ್ನು ಒಂದು ಕಾಳೂ ಉಳಿಯದಂತೆ ಸಮನಾದ ಪಾಲುಗಳಾಗಿ ಹಂಚಬಹುದೇ? ಒಂದೊಂದೇ ಕಾಳಾಗಿ ಬಿಡಿಸಿದ ಹೊರತು ಸಾಧ್ಯವಿಲ್ಲ. ಏಕೆಂದರೆ ಇದು ಅವಿಭಾಜ್ಯ ಸಂಖ್ಯೆ.

31 ಅವಿಭಾಜ್ಯವಾದುದರಿಂದ ರಾಶಿಯೂ ಅವಿಭಾಜ್ಯವೆಂದು ವಿದ್ಯಾರ್ಥಿಗಳು ಅವಸರಪಡಬಾರದು. 11 ಕೂಡ ಅವಿಭಾಜ್ಯವೇ. ಆದರೆ ಹನ್ನೊಂದು ದಿನದ ರಾಶಿ 2047, ಅದು 23 ಮತ್ತು 89ರ ಗುಣಲಬ್ಧ. ಫ್ರಾನ್ಸಿನ ಮೆರ್ಸೆನ್ ಎಂಬ ಪಾದ್ರಿ 1644ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 67 ದಿನದ ರಾಶಿಯನ್ನೂ ಅವಿಭಾಜ್ಯವೆಂದೇ ಸೇರಿಸಿದ್ದನು. ಅದು ತಪ್ಪೆಂದು ಲ್ಯೂಕಾಸ್ 1876ರಲ್ಲಿ ತೋರಿಸಿದನು. ಅಪವರ್ತನಗಳನ್ನು ಕೋಲ್ 1903ರಲ್ಲಿ ಕಂಡುಹಿಡಿದನು. ದೊಡ್ಡವರ ಮಾತಾದರೂ ಗಣಿತದಲ್ಲಿ ಸಾಧನೆಯಿಲ್ಲದೆ ಸಲ್ಲದು.

ಹಾಗಾದರೆ ನಮ್ಮ ರಾಶಿಗೆ ಸಾಧನೆ ಯಾವುದು? ಇದರ ವರ್ಗಮೂಲ ಸುಮಾರು 46,341. ಅದಕ್ಕಿಂತ ಕಿರಿದಾದ 4,792 ಅವಿಭಾಜ್ಯಗಳಿಂದಲೂ ಭಾಗಿಸಿ ನೋಡಬಹುದು. ಯಾರಿಗೆ ಆ ತಾಳ್ಮೆ? ಆಯ್ಲರ್ ಬೇರೊಂದು ದಾರಿ ಹಿಡಿದನು. ದಿನಗಳ ಸಂಖ್ಯೆ ಬೆಸ ಅವಿಭಾಜ್ಯವಾಗಿದ್ದಾಗ, ರಾಶಿಯ ಯಾವುದೇ ಅವಿಭಾಜ್ಯ ಭಾಜಕದಿಂದ ಒಂದನ್ನು ಕಳೆದರೆ ಉಳಿಯುವುದು ದಿನಗಳ ಇಮ್ಮಡಿಯಿಂದ ನಿಶ್ಶೇಷವಾಗಿ ಭಾಗವಾಗಬೇಕು. ಅಲ್ಲದೆ, ಆ ಭಾಜಕವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಆಗಬೇಕು. ಮೇಲಿನ 23 ಮತ್ತು 89ನ್ನು ಪರೀಕ್ಷಿಸಿ ನೋಡಿ.

ಇದರ ಬಲವನ್ನು ಹದಿಮೂರು ದಿನದ ರಾಶಿಯಾದ 8191ರಲ್ಲಿ ಕಾಣಬಹುದು. ಅದರ ವರ್ಗಮೂಲ 90ಕ್ಕೆ ತುಸು ಹೆಚ್ಚು; ಅದರೊಳಗಿನ ಅವಿಭಾಜ್ಯಗಳು 24. ಮೊದಲ ನಿಯಮದಿಂದ 53 ಮತ್ತು 79 ಮಾತ್ರ ಉಳಿಯುತ್ತವೆ. ಎರಡನೆಯದರಿಂದ 53 ಬಿಟ್ಟುಹೋಗುತ್ತದೆ. 79ರಿಂದ ಭಾಗಿಸಿದರೆ ಶೇಷ 54. ಒಂದೇ ಭಾಗಾಕಾರದಲ್ಲಿ 8191 ಅವಿಭಾಜ್ಯವೆಂದು ಸಿದ್ಧವಾಯಿತು!

31 ದಿನದ ರಾಶಿಗೆ ಇದೇ ರೀತಿಯಲ್ಲಿ 372ಕ್ಕಿಂತ ಹೆಚ್ಚು ಭಾಗಾಕಾರ ಬೇಕಿಲ್ಲ. 1772ರಲ್ಲಿ, ಕಣ್ಣಿನ ದೃಷ್ಟಿ ಬಹುಮಟ್ಟಿಗೆ ಹೋಗಿದ್ದ ವಯಸ್ಸಿನಲ್ಲಿ, ಆಯ್ಲರ್ ಈ ಫಲವನ್ನು ಬೆರ್ನೂಲಿಗೆ ತಿಳಿಸಿದನು.

ಯಾವುದೇ ಸಂಖ್ಯೆಗೂ ಒಪ್ಪುವ, ಅಪವರ್ತನ ಹುಡುಕದೆಯೇ ತ್ವರಿತವಾಗಿ ನಿರ್ಣಯಿಸಬಲ್ಲ, ಊಹೆಯನ್ನು ಅವಲಂಬಿಸದ ಕ್ರಮವನ್ನು 2002ರಲ್ಲಿ ಕೊಟ್ಟವರು ಕಾನ್ಪುರ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಇವರಲ್ಲಿ ಕಯಾಲ್ ಮುಂದೆ ನಮ್ಮ ಬೆಂಗಳೂರಿನಲ್ಲಿಯೇ ಸಂಶೋಧಕರಾದರು. 2024ರ ಅಕ್ಟೋಬರಿನಲ್ಲಿ ದೊರೆತ, ಅಂದಿಗೆ ತಿಳಿದಿದ್ದವುಗಳಲ್ಲೆಲ್ಲ ಹಿರಿದಾದ ಅವಿಭಾಜ್ಯವು 13,62,79,841 ದಿನದ ರಾಶಿ. ಅದರ ಅಂಕಿಗಳೇ 4,10,24,320.

ಹದಿನೇಳು ದಿನದ ರಾಶಿ 1,31,071. ಅದನ್ನು ಪರೀಕ್ಷಿಸಲು ಮೂರೇ ಭಾಗಾಕಾರಗಳು ಸಾಕು. ಯಾವ ಮೂರು ಸಂಖ್ಯೆಗಳಿಂದ ಎಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಲಿ.