ಮೊದಲು ಆ ನೋಟ್‌ಬುಕ್ ಓದಮ್ಮ

ನೀನು ಮಕ್ಕಳ ಕಿಡ್ನಿ ವಿಭಾಗಕ್ಕೆ ಸೇರಿಕೊಂಡೆ ಎಂದು ಕೇಳಿ ತುಂಬ ಸಂತೋಷವಾಯಿತಮ್ಮ. ಡಯಾಲಿಸಿಸ್, ಬಯಾಪ್ಸಿ, ಕಸಿ ಎಲ್ಲವನ್ನೂ ಅಲ್ಲಿ ಚೆನ್ನಾಗಿಯೇ ಹೇಳಿಕೊಡುತ್ತಾರೆ. ನಾನು ಹೇಳಬೇಕೆಂದಿರುವುದು ಓಪಿಡಿಯಲ್ಲಿ ತಾಯಂದಿರು ಚೀಲದಿಂದ ತೆಗೆದು ಮೇಜಿನ ಮೇಲಿಡುವ ನೋಟ್‌ಬುಕ್ಕಿನ ವಿಷಯ. ಲ್ಯಾಬ್ ರಿಪೋರ್ಟಿಗಿಂತ ಮೊದಲು ಅದನ್ನು ಓದು.

ನಿನ್ನ ಓಪಿಡಿಗೆ ನೆಫ್ರೋಟಿಕ್ ಸಿಂಡ್ರೋಮ್ ಇರುವ ಪುಟ್ಟ ಮಕ್ಕಳು ಬರುತ್ತಲೇ ಇರುತ್ತಾರೆ. ಬೆಳಗ್ಗೆ ಏಳುವಾಗ ಕಣ್ಣಿನ ಸುತ್ತ ಊತ, ಸಂಜೆಗೆ ಇಳಿತ. ಅಲರ್ಜಿ ಇರಬೇಕೆಂದು ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ಎಷ್ಟೋ ದಿನ ಅಲೆದು ಬಂದಿರುತ್ತಾರೆ. ಪ್ರೆಡ್ನಿಸೊಲೋನ್ ಕೊಟ್ಟರೆ ಹೆಚ್ಚಿನ ಮಕ್ಕಳಲ್ಲಿ ಕೆಲವೇ ವಾರಗಳಲ್ಲಿ ಮೂತ್ರದಲ್ಲಿ ಪ್ರೋಟೀನ್ ಸೋರುವುದು ನಿಲ್ಲುತ್ತದೆ. ಆದರೆ ಅವರಲ್ಲಿ ಬಹಳ ಮಂದಿಗೆ ಕಾಯಿಲೆ ಮರುಕಳಿಸುತ್ತದೆ, ಎಷ್ಟೋ ಸಲ ಒಂದು ನೆಗಡಿ ಜ್ವರವೇ ಸಾಕು. ಹೀಗೆ ಕಳೆಯುವ ವರ್ಷಗಳಲ್ಲೆಲ್ಲ ಮಗುವನ್ನು ದಿನವೂ ನೋಡುವವಳು ತಾಯಿ, ನೀನಲ್ಲ.

ಅದಕ್ಕೇ ಅವಳಿಗೆ ಕಲಿಸಲು ಸಮಯ ಮಾಡಿಕೊ. ಬಾಯಲ್ಲಿ ಹೇಳಿ ಕಳಿಸಬೇಡ, ಅವಳ ಕೈಯಲ್ಲೇ ಮಾಡಿಸು. ಬೆಳಗಿನ ಮೊದಲ ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆಯ ಪಟ್ಟಿ ಅದ್ದಿ, ಡಬ್ಬಿಯ ಮೇಲಿನ ಬಣ್ಣಗಳ ಪಕ್ಕ ಹಿಡಿಯಲಿ. ಹಳದಿಯಾಗೇ ಉಳಿದರೆ ಪ್ರೋಟೀನ್ ಇಲ್ಲ, ಹಸಿರು ಗಾಢವಾದಷ್ಟೂ ಪ್ಲಸ್ ಹೆಚ್ಚು. ಕಂಡದ್ದನ್ನು ದಿನವೂ ಆ ನೋಟ್‌ಬುಕ್ಕಿನಲ್ಲಿ ಬರೆಯಲಿ. ಪಟ್ಟಿ ಕೊಳ್ಳಲಾಗದವರಿಗೆ ಗಾಜಿನ ನಳಿಕೆಯಲ್ಲಿ ಸಲ್ಫೋಸ್ಯಾಲಿಸಿಲಿಕ್ ಆಸಿಡ್ ಹನಿಸಿ ತೋರಿಸು. ಪ್ರೋಟೀನ್ ಬಹಳವಿದ್ದರೆ ಮೂತ್ರ ಒಡೆದ ಹಾಲಿನಂತೆ ಗಡ್ಡೆಗಟ್ಟುತ್ತದೆ. ಅದನ್ನು ಯಾವ ತಾಯಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸತತ ಮೂರು ದಿನ ಮೂರು ಪ್ಲಸ್ ಬಂದರೆ ಮರುಕಳಿಸಿದೆ, ಸತತ ಮೂರು ದಿನ ಏನೂ ಇಲ್ಲದಿದ್ದರೆ ಹತೋಟಿಗೆ ಬಂದಿದೆ. ಇಷ್ಟನ್ನು ಅವಳು ನಿನಗೇ ತಿರುಗಿ ಹೇಳುವವರೆಗೆ ಬಿಡಬೇಡ.

ಒಬ್ಬ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಕ್ಯಾಲೆಂಡರಿನ ಮನೆಗಳಲ್ಲಿ ಕುಂಕುಮದ ಬೊಟ್ಟು ಇಡುತ್ತಿದ್ದಳು, ಎಷ್ಟು ಪ್ಲಸ್ಸೋ ಅಷ್ಟು ಬೊಟ್ಟು. ಮಗುವಿನ ಮುಖ ಊದುವ ಮೊದಲೇ ಆ ಕ್ಯಾಲೆಂಡರ್ ಸುತ್ತಿಕೊಂಡು ಬಂದು ನಿಲ್ಲುತ್ತಿದ್ದಳು. ಅಂಥವರ ಮಾತಿಗೆ ತಲೆಬಾಗಬೇಕಮ್ಮ.

ಊದಿಕೊಂಡ ಮಗುವಿಗೆ ಹೊಟ್ಟೆನೋವು, ಜ್ವರ ಬಂದರೆ ನಡುರಾತ್ರಿಯಾದರೂ ಹೊರಡಬೇಕೆಂದು ಒತ್ತಿ ಹೇಳು. ಸ್ಟಿರಾಯ್ಡ್ ತಿಂದು ಮುಖ ದುಂಡಗಾದಾಗ ಶಾಲೆಯಲ್ಲಿ ಅಣಕಿಸುತ್ತಾರೆ, ಮನೆಯಲ್ಲಿ ಅಜ್ಜಿ ‘ಈ ಮಾತ್ರೆಯಿಂದಲೇ ಹೀಗಾಯ್ತು, ಬಿಡಿಸು’ ಅನ್ನುತ್ತಾಳೆ. ಥಟ್ಟನೆ ಬಿಡಿಸಿದರೆ ಮಗುವಿನ ಜೀವಕ್ಕೇ ಅಪಾಯ. ಆ ಅಜ್ಜಿಯನ್ನೂ ಕರೆಸಿ ಕೂರಿಸಿಕೊಂಡು ಮಾತಾಡು. ಎತ್ತರ ಮತ್ತು ಬಿಪಿ ಪ್ರತಿ ಸಲವೂ ನೋಡು, ಅದೂ ಮಗುವಿನ ತೋಳಿನ ಅಳತೆಯ ಪಟ್ಟಿ ಕಟ್ಟಿ.

ಸಂಶೋಧನೆ ಎಂದರೆ ದೊಡ್ಡ ಯಂತ್ರಗಳ ಕೆಲಸ ಅಂದುಕೊಳ್ಳಬೇಡ. ನೀನು ದಿನವೂ ಬರೆಯುವ ಈ ಸ್ಟಿರಾಯ್ಡಿನ ಮೊದಲ ಲೆಕ್ಕ 1960ರ ದಶಕದಲ್ಲಿ ಹಲವು ದೇಶಗಳ ವೈದ್ಯರು ಕೂತು ಒಪ್ಪಿಕೊಂಡದ್ದು, ಹೋಲಿಸಿ ನೋಡಿ ಗೊತ್ತುಮಾಡಿದ್ದಲ್ಲ. ಆಮೇಲೆ ಹೆಚ್ಚು ದಿನ ಕೊಟ್ಟರೆ ಮರುಕಳಿಸುವುದು ತಗ್ಗೀತೆಂದು ಆರು ತಿಂಗಳವರೆಗೂ ಕೊಟ್ಟವರುಂಟು. ದೆಹಲಿಯ ಏಮ್ಸ್ ವೈದ್ಯರ ನೇತೃತ್ವದಲ್ಲಿ 181 ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದರು. ಮೂರು ತಿಂಗಳ ಚಿಕಿತ್ಸೆಯನ್ನು ಆರಕ್ಕೆ ಏರಿಸಿದರೆ ಹೇಳಿಕೊಳ್ಳುವಂಥ ಲಾಭವಿಲ್ಲವೆಂದು 2015ರಲ್ಲಿ ಪ್ರಕಟಿಸಿದರು. ಮಕ್ಕಳಿಗೆ ಮೂರು ತಿಂಗಳ ಮಾತ್ರೆ ತಪ್ಪುವುದು ಸಣ್ಣ ಮಾತೇ? ಇಂಥ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ನೂರಾರು ಮನೆಗಳಲ್ಲಿ ಯಾರೋ ಬೆಳಗ್ಗೆ ಎದ್ದು ಮೂತ್ರ ಪರೀಕ್ಷಿಸಿ, ಕಂಡದ್ದನ್ನು ಕಂಡಂತೆ ಬರೆದಿಡಬೇಕು. ನಿನ್ನ ಥೀಸಿಸ್‌ಗೆ ವಿಷಯ ಹುಡುಕುವಾಗ ಆ ನೋಟ್‌ಬುಕ್ಕುಗಳ ಪುಟಗಳನ್ನು ತಿರುವಿ ಹಾಕು. ಯಾವ ಮಗುವಿಗೆ ಪ್ರತಿ ಮಳೆಗಾಲಕ್ಕೂ ಮರುಕಳಿಸುತ್ತದೆ, ಯಾವುದಕ್ಕೆ ಡೋಸ್ ಇಳಿಸಿದ ವಾರವೇ ಮರುಕಳಿಸುತ್ತದೆ, ಅಲ್ಲೇ ಇರುತ್ತದೆ.

ಇನ್ನೊಂದು ಮಾತು. ಮಗುವನ್ನು ಊರಿಗೆ ಕಳಿಸುವಾಗ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಒಂದು ಪುಟದ ಪತ್ರ ಬರೆ. ಈಗಿನ ಡೋಸ್ ಎಷ್ಟು, ಯಾವಾಗ ಇಳಿಸಬೇಕು, ಯಾವ ಲಸಿಕೆ ಈಗ ಬೇಡ, ಏನಾದರೆ ತಕ್ಷಣ ನಮ್ಮ ಕಡೆ ಕಳಿಸಬೇಕು, ಅಷ್ಟು. ಕೆಳಗೆ ನಿನ್ನ ಫೋನ್ ನಂಬರ್ ಹಾಕು. ಅವರು ಫೋನ್ ಮಾಡಿದರೆ ಓಪಿಡಿ ತುಂಬಿದ್ದರೂ ಎತ್ತು.