ಡ್ರೈವರ್ ಹುಡುಕುವ ಮುನ್ನ ಸಾಧನದ ಗುರುತು ತಿಳಿಯಿರಿ



2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಕಳ್ಳಂಬೆಳ್ಳದಲ್ಲಿ ಅಡಿಕೆ ತೂಕದ ಲೆಕ್ಕವಿಡುವ ಗಣಕಯಂತ್ರಕ್ಕೆ ನಾವೂ ವಿಂಡೋಸ್ 11 ಹಾಕಿಸಿದೆವು. ಮರುದಿನ ಮೂಟೆ ಇಟ್ಟರೆ ತೂಕದ ಯಂತ್ರದಲ್ಲಿ ಅಂಕಿ ಕಾಣುತ್ತದೆ, ಗಣಕದ ಪರದೆಗೆ ಮಾತ್ರ ಬರುವುದಿಲ್ಲ. ಕೈಯಲ್ಲೇ ಬರೆದುಕೊಂಡೆವು. ಅವಸರದಲ್ಲಿ 65.4 ಕೆ.ಜಿ. ಎಂಬುದು 56.4 ಆದರೆ ಬೆಳೆಗಾರನಿಗೆ 9 ಕೆ.ಜಿ. ಅಡಿಕೆಯ ಹಣ ನಷ್ಟ.

ತೂಕದ ಯಂತ್ರದ ಹೆಸರು ಹಾಕಿ, ಯಾವುದೋ ಜಾಲತಾಣದಿಂದ ಡ್ರೈವರ್ ಇಳಿಸಿಕೊಂಡೆವು. ತೂಕ ಬರಲಿಲ್ಲ, ಬೇಡದ ಜಾಹೀರಾತುಗಳು ಬಂದವು. ಹೆಸರನ್ನು ನಂಬಿದ್ದೇ ನಮ್ಮ ತಪ್ಪು.

ಡ್ರೈವರ್ ಎಂಬುದು ಗಣಕಕ್ಕೂ ಅದಕ್ಕೆ ಜೋಡಿಸಿದ ಸಾಧನಕ್ಕೂ ನಡುವಿನ ದುಭಾಷಿ. ಪ್ರತಿ ಬಗೆಯ ಸಾಧನಕ್ಕೂ ಅದರದೇ ದುಭಾಷಿ ಬೇಕು. ಅದನ್ನು ಗುರುತಿಸುವುದು ಹೇಗೆ?

ತೋಟಕ್ಕೆ ಊರಿನಲ್ಲಿ ಹತ್ತು ಹೆಸರಿರಬಹುದು. ಒಬ್ಬರು ಕೆರೆ ಹಿಂದಿನ ತೋಟ ಎಂದರೆ ಇನ್ನೊಬ್ಬರು ಆಲದ ಮರದ ತೋಟ ಎನ್ನುತ್ತಾರೆ. ಪಹಣಿ ತೆಗೆಸಬೇಕಾದರೆ ಊರು ಮತ್ತು ಸರ್ವೆ ನಂಬರೇ ಬೇಕು. ಸಾಧನಗಳಿಗೂ ಹೀಗೆಯೇ ಎರಡು ಸಂಖ್ಯೆಗಳಿವೆ. ತಯಾರಕರ ಸಂಖ್ಯೆ ಊರಿದ್ದಂತೆ. ಸಾಧನದ ಸಂಖ್ಯೆ ಸರ್ವೆ ನಂಬರಿದ್ದಂತೆ. ಇವು ಸಾಮಾನ್ಯವಾಗಿ ತಲಾ ನಾಲ್ಕು ಸ್ಥಾನದವು. ಅಂಕಿಗಳ ಜೊತೆಗೆ ಇಂಗ್ಲಿಷಿನ ಎ ಇಂದ ಎಫ್ ವರೆಗಿನ ಅಕ್ಷರಗಳೂ ಇರಬಹುದು.

ಸಂಖ್ಯೆ ನೋಡುವ ಕ್ರಮ:

1. ಸ್ಟಾರ್ಟ್ ಗುರುತಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ತೊಂದರೆಯಿರುವ ಸಾಧನದ ಪಕ್ಕದಲ್ಲಿ ಹಳದಿ ಎಚ್ಚರಿಕೆ ಗುರುತಿರುತ್ತದೆ.

2. ಆ ಸಾಧನದ ಮೇಲೆ ಎರಡು ಬಾರಿ ಒತ್ತಿ, ‘ಡೀಟೇಲ್ಸ್’ ಪುಟದಲ್ಲಿ ‘ಹಾರ್ಡ್‌ವೇರ್ ಐಡಿಸ್’ ಆರಿಸಿರಿ.

3. ಯುಎಸ್‌ಬಿ ಸಾಧನವಾದರೆ ‘ವಿಐಡಿ’ ಮುಂದಿನದು ತಯಾರಕರ ಸಂಖ್ಯೆ, ‘ಪಿಐಡಿ’ ಮುಂದಿನದು ಸಾಧನದ ಸಂಖ್ಯೆ. ಗಣಕದ ಒಳಗಿನ ಸಾಧನಗಳಿಗೆ ಇವು ‘ವಿಇಎನ್’, ‘ಡಿಇವಿ’ ಎಂದಿರುತ್ತವೆ. 8086 ಎಂದರೆ ಇಂಟೆಲ್. 10ಇಸಿ ಎಂದರೆ ರಿಯಲ್‌ಟೆಕ್.

4. ಮೊದಲು ವಿಂಡೋಸ್ ಅಪ್‌ಡೇಟ್‌ನಲ್ಲಿ ಹುಡುಕಿರಿ. ಸಿಗದಿದ್ದರೆ ಲ್ಯಾಪ್‌ಟಾಪಿನ ತಳದ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಅದರ ತಯಾರಕರ ಜಾಲತಾಣದಲ್ಲಿ ಕೊಡಿರಿ. ಹೊರಗಿನಿಂದ ಜೋಡಿಸಿದ ಸಾಧನಕ್ಕೆ ಆ ಸಾಧನದ ಅಥವಾ ಅದರ ಚಿಪ್‌ನ ತಯಾರಕರಲ್ಲಿಯೇ ನೋಡತಕ್ಕದ್ದು.

5. ವೈ-ಫೈಯ ಡ್ರೈವರೇ ಇಲ್ಲದೆ ಇಂಟರ್ನೆಟ್ ಸಿಗದಿದ್ದರೆ, ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಹಾಕಿದರೆ ಸಾಮಾನ್ಯವಾಗಿ ಕೆಲಸವಾಗುತ್ತದೆ.

ಇನ್ನು ತೂಕದ ಯಂತ್ರದ ಸಂಗತಿ. ಕಾಫಿಗಾಗಲಿ ಅಡಿಕೆಗಾಗಲಿ ಬಳಸುವ ಅನೇಕ ಯಂತ್ರಗಳು ಹಳೆಯ ಸೀರಿಯಲ್ ಕೇಬಲ್‌ನವು. ಗಣಕಕ್ಕೆ ಜೋಡಿಸಲು ಯುಎಸ್‌ಬಿ ಪರಿವರ್ತಕ ಕೇಬಲ್ ಬೇಕು. ಡ್ರೈವರ್ ಬೇಕಾದದ್ದು ತೂಕದ ಯಂತ್ರಕ್ಕಲ್ಲ, ಈ ಕೇಬಲ್‌ನೊಳಗಿನ ಚಿಪ್‌ಗೆ. ಹೊರಗೆ ಎಲ್ಲವೂ ಒಂದೇ ತರಹ, ಬೆಳ್ಳಗಿರುವುದೆಲ್ಲ ಹಾಲಲ್ಲ. 0403 ಎಂದಿದ್ದರೆ ಎಫ್‌ಟಿಡಿಐ, 067ಬಿ ಎಂದಿದ್ದರೆ ಪ್ರೊಲಿಫಿಕ್, 1ಎ86 ಮತ್ತು 7523 ಎಂದಿದ್ದರೆ ಸಿಎಚ್340 ಚಿಪ್.

ನಮ್ಮ ಕೇಬಲ್ 067ಬಿ, 2303 ಎಂದು ತೋರಿಸಿತು. ಈ ಬಗೆಯ ಹಳೆಯ ಚಿಪ್‌ಗಳಲ್ಲೊಂದರ ತಯಾರಿಕೆ 2012ರಲ್ಲಿಯೇ ನಿಂತಿದೆ. ಅಂಥದ್ದನ್ನು ವಿಂಡೋಸ್ 11ಕ್ಕೆ ಜೋಡಿಸಿದರೆ ಸಾಧನದ ಹೆಸರಿನ ಜಾಗದಲ್ಲಿ ಆ ಮಾತೇ ಮೂಡುತ್ತದೆ. ನಮ್ಮದೂ ಅದೇ. ಇಂತಹ ಕೇಬಲ್‌ಗೆ ಡ್ರೈವರ್ ಹುಡುಕಿ ದಿನ ಕಳೆಯುವುದಕ್ಕಿಂತ ಹೊಸ ಕೇಬಲ್ ಕೊಳ್ಳುವುದೇ ಲೇಸು. ಕೊಂಡೆವು, ಅದರ ಹೊಸ ‘ಕಾಮ್’ ಸಂಖ್ಯೆಯನ್ನು ತೂಕದ ತಂತ್ರಾಂಶದಲ್ಲಿ ನಮೂದಿಸಿದ ಮೇಲೆ ತೂಕ ಪರದೆಗೆ ಬಂದಿತು.

ಪಂಪಿನ ಮೋಟಾರು ಸುಟ್ಟರೆ ನಾವು ಮೊದಲು ನೋಡುವುದು ಅದರ ಮೇಲಿನ ಫಲಕವನ್ನು. ಗಣಕದ ಸಾಧನಗಳ ಫಲಕ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಆದ್ದರಿಂದ ಗಣಕ ಸುಸ್ಥಿತಿಯಲ್ಲಿರುವಾಗಲೇ ಈ ಸಂಖ್ಯೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ವಿಂಡೋಸ್ ಬದಲಿಸುವ ಮುನ್ನ ಡ್ರೈವರ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿರಿ. ಹಂಗಾಮಿನಲ್ಲಿ ಮೂಟೆಗಳು ಸಾಲುಗಟ್ಟಿ ನಿಂತಾಗ ಹುಡುಕಲು ಹೊರಡುವುದು ಬೇಡ.